ಮಡಿಕೆಯಲ್ಲಿ ಬಿದ್ದ ಓಣಿ

ಥೆಸಲೋನಿಕಿಯ ಪುರಸಭೆ, ನೆಲಮಾಳಿಗೆ.
ನನ್ನ ಕೆಲಸ ಇಷ್ಟೇ: ಹಳೆಯ ನಕ್ಷೆಯನ್ನು
ಹೊಸ ಊರಿನ ಮೇಲೆ ಹಾಸಿ ಮೊಳೆ ಹೊಡೆಯುವುದು.
ಬಿಳಿಗೋಪುರಕ್ಕೊಂದು, ರೊಟುಂಡಾದ ಗುಮ್ಮಟಕ್ಕೊಂದು,
ಬೆಂಕಿ ಬಿಟ್ಟುಹೋದ ಹಮಾಮಿನ ಮೂಲೆಗೊಂದು.
ಕದಲದೆ ನಿಂತವಷ್ಟೇ ಇಲ್ಲಿ ಸಾಕ್ಷಿ;
ಮಿಕ್ಕದ್ದನ್ನು ಯಂತ್ರ ಎಳೆಯುತ್ತದೆ, ಜಗ್ಗುತ್ತದೆ,
ಒದ್ದೆ ಪಂಚೆಯನ್ನು ಇಬ್ಬರು ಹಿಡಿದು ಕೊಡವಿದ ಹಾಗೆ.
ಕೊನೆಗೆ ಕೆಳಗೆ ಬರೆಯುತ್ತದೆ: ತಪ್ಪು, ಆರೂವರೆ ಮೀಟರು.
ಆರೂವರೆ ಮೀಟರೆಂದರೆ
ಒಂದು ಅಡುಗೆಮನೆ, ಒಂದು ಹಿತ್ತಿಲು,
ನೆರೆಯವರ ಒಂದು ಹಳೇ ಜಗಳ.

ಪರದೆಯ ಅಂಚಿಗೊಂದು ಜಾರುಗುಂಡಿ.
ಎಡಕ್ಕೆಳೆದರೆ ಬೆಂಕಿಗೆ ಮುಂಚಿನ ಊರು,
ಬಲಕ್ಕೆಳೆದರೆ ಕಾರುಗಳ ಬೆನ್ನು, ನೀರಿನ ಟ್ಯಾಂಕು.
ನಡುವೆ ನಿಲ್ಲಿಸಿದರೆ ಎರಡೂ ಅರ್ಧರ್ಧ,
ಒಬ್ಬರ ಉಸಿರು ಇನ್ನೊಬ್ಬರ ಕನ್ನಡಿಗೆ ತಾಗಿದಂತೆ.
ನನಗೆ ಅದೇ ಇಷ್ಟ.
ನಮ್ಮ ಎವಾಂಥಿಯಾ ಮೇಡಂ, "ಕಣ್ಣು ನೋಯುತ್ತೆ, ಒಂದು ಕಡೆ ಮಾಡು" ಅನ್ನುತ್ತಾರೆ.

ಮಾರ್ಚಿಯಲ್ಲಿ ಬಂದ ಇಸಾಕಿನೋ ನಹ್ಮಿಯಾಸ್, ಮಾರ್ಸೇಯಿನಿಂದ.
ಎಪ್ಪತ್ತೊಂಬತ್ತು ದಾಟಿತ್ತು, ಬಲಮಂಡಿಗೆ ಪಟ್ಟಿ.
ವಿಳಾಸವಿರಲಿಲ್ಲ, ಅಜ್ಜಿಯ ಬಾಯಿಮಾತಿತ್ತು:
"ಬಾವಿಯಿಂದ ಕೆಳಗಿಳಿ. ಎಳ್ಳು ಹುರಿಯುವ ವಾಸನೆಗೆ ಎಡಕ್ಕೆ ಹೊರಳು.
ಬೆಕ್ಕುಗಳ ಮೆಟ್ಟಿಲು ಬಂತೋ, ಮನೆ ದಾಟಿಹೋದೆ ಅಂತ ತಿಳಿ."
ವಾಸನೆಯನ್ನು ಯಾವ ಸರ್ವೆಯವನೂ ಅಳೆದಿಲ್ಲ, ಎಂದೆ.
"ಬಾವಿಯನ್ನು ಅಳೆದಿದ್ದಾನಲ್ಲ."

ಅಳೆದಿದ್ದ. ನೀಲಿ ಶಾಯಿಯ ಒಂದು ಸೊನ್ನೆ.

ಟ್ಯಾಬ್ಲೆಟ್ ಹಿಡಿದು ಹೊರಟೆವು.
ಕಾಲಡಿಗೆ ಅಗಲದ ರಸ್ತೆ, ಬೂದಿ ಆರಿದ ಮೇಲೆ
ಪಟ್ಟಿಯಿಟ್ಟು ಗೆರೆ ಎಳೆದದ್ದು.
ಕೈಯೊಳಗೆ ಓಣಿಗಳು, ಬಾಚದ ತಲೆಯಂಥ ಸಿಕ್ಕು.
ಅದರ ಮೇಲೊಂದು ನೀಲಿ ಚುಕ್ಕೆ. ಅದು ನಾವು.
ನಾವು ನೆಟ್ಟಗೆ ನಡೆದಂತೆ ಚುಕ್ಕೆ
ಯಾರದೋ ಗೋಡೆ ತೂರಿ ಊಟದ ಮನೆಗೆ ನುಗ್ಗಿತು,
ಬಾಣಂತಿಯ ಕೋಣೆಗೆ ನುಗ್ಗಿತೋ ಏನೋ, ಯಾರಿಗೆ ಗೊತ್ತು,
ಸಾಬೂನಿನ ಉಗ್ರಾಣವನ್ನು ಓರೆಯಾಗಿ ಸೀಳಿತು.
ಪ್ರತಿ ಗೋಡೆಗೂ ಮುದುಕ ಟೋಪಿ ಎತ್ತಿ
"ಕೊನ್ ಪೆರ್ಮಿಸೋ" ಅನ್ನುತ್ತಿದ್ದ, ಅಜ್ಜಿಯ ನುಡಿಯಲ್ಲಿ,
ಅಪ್ಪಣೆಯಾದರೆ ದಾಟುತ್ತೇನೆ ಎಂದು.
ಮೊದಲು ತಮಾಷೆ ಅಂದುಕೊಂಡೆ.
ಬ್ಯಾಂಕಿನ ಮುಂದೆ ಅಂದ, ಬಸ್ ನಿಲ್ದಾಣದಲ್ಲಿ ಅಂದ,
ಹುಡುಗರಿಬ್ಬರು ಮೊಣಕೈ ತಿವಿದುಕೊಂಡು ನಕ್ಕರು.
ಹನ್ನೊಂದನೆಯ ಗೋಡೆಗೆ ನನ್ನ ಬಾಯಲ್ಲೂ ಬಂತು.

ಆಮೇಲೆ ಚುಕ್ಕೆ ಒಂದು ಬಿಳಿಪಟ್ಟಿಗೆ ಇಳಿಯಿತು.
ಅಲ್ಲಿ ಮನೆಯಿಲ್ಲ, ಓಣಿಯಿಲ್ಲ, ಶಾಯಿಯೇ ಇಲ್ಲ.
ನನಗೆ ಗೊತ್ತಿತ್ತು. ಹೇಳಿರಲಿಲ್ಲ.
ಯಾರೋ ಈ ಹಾಳೆಯನ್ನು ನಾಲ್ಕಾಗಿ ಮಡಚಿ
ಜೇಬಿನಲ್ಲಿಟ್ಟು ವರ್ಷಗಟ್ಟಲೆ ತಿರುಗಿದ್ದಾರೆ;
ಮಡಿಕೆ ಸವೆದಲ್ಲಿ ಬೀದಿಯೇ ಸವೆದಿದೆ.
ಸುಟ್ಟದ್ದು ಬೇರೆ, ರೈಲು ಹತ್ತಿಸಿ ಒಯ್ದದ್ದು ಬೇರೆ.
ಮಡಿದವರು ಮಡಿದರು; ಇದು ಬರೇ ಮಡಿಕೆ,
ಊರನ್ನು ತೆರೆದು ತೆರೆದು ನೋಡಿದ್ದರ ಗಾಯ.

ಎಳ್ಳಿನ ವಾಸನೆ ಬಂತು ಎಂದು ಬರೆದರೆ ಚೆನ್ನ.
ಬಂದದ್ದು ಕ್ಷೌರದಂಗಡಿಯ ಶಾಂಪೂ, ಡೀಸೆಲು.
ಅವನು ಬಿಳಿಯೊಳಗೆ ಬಹಳ ಹೊತ್ತು ನಿಂತ.
ಚುಕ್ಕೆ ಉಬ್ಬಿ ಇಳಿಯುತ್ತಿತ್ತು.
"ಇಲ್ಲಿಗೊಂದು ಮೊಳೆ ಹೊಡೆಯೋಕಾಗಲ್ವಾ?"
ಆಗಲ್ಲ ಎಂದೆ. ಎರಡೂ ಊರಲ್ಲಿ ಇರುವುದಕ್ಕಷ್ಟೇ ಮೊಳೆ.
"ಸರಿ" ಎಂದ. ಮಂಡಿಯ ಪಟ್ಟಿ ಬಿಗಿ ಮಾಡಿಕೊಂಡ.
ವಿಮಾನ ಸಂಜೆ ಆರಕ್ಕಿತ್ತು.

ಮಾರನೆಯ ದಿನ, ಎಲ್ಲರೂ ಹೋದಮೇಲೆ,
ಅಂದಾಜಿನಲ್ಲಿ ಹೊಡೆದೆ.
ಯಂತ್ರ ಮುಲುಗಿತು. ತಪ್ಪು, ಒಂಬತ್ತು ಮೀಟರು.
ಓಣಿಗಳು ಆ ಬಿಳಿಯ ಕಡೆ ಕೊರಳು ಚಾಚಿದವು,
ದಡದಲ್ಲಿದ್ದ ಗೋಪುರ ಜಾರಿ ಸಮುದ್ರಕ್ಕೆ ಕಾಲಿಟ್ಟಿತು.
ಬೆಳಿಗ್ಗೆ ಕೀಳಲೇಬೇಕು.
ಒಂದು ರಾತ್ರಿ ನೀರಲ್ಲೇ ಇರಲಿ ಎಂದು
ದೀಪ ಆರಿಸಿ ಮನೆಗೆ ಹೋದೆ.